ಊರ ಮೈದಾನದಿಂದ ಚೆಪಾಕಿಗೆ: ಯಾವ ಕಡೆ ಎಂಬ ಪ್ರಶ್ನೆಗೆ ಕ್ರಿಕೆಟ್ ಕೊಟ್ಟ ಉತ್ತರ

ಟಿ. ನಗರ: ಭಾನುವಾರ ಬೆಳಗಾಯಿತೆಂದರೆ ಇಲ್ಲಿನ ಸೋಮಸುಂದರಂ ಮೈದಾನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದೇ ಬಯಲಿನಲ್ಲಿ ಹಲವಾರು ಕ್ರಿಕೆಟ್ ಪಂದ್ಯಗಳು. ಒಂದು ತಂಡದ ಲಾಂಗ್ ಆನ್ ಆಟಗಾರ ಇನ್ನೊಂದು ತಂಡದ ಸ್ಲಿಪ್ ಆಟಗಾರನ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಾನೆ. ಚೆಂಡು ಬಂದರೆ ಅದು ಯಾರದೆಂದು ಮೊದಲು ಕೇಳಬೇಕು, ಆಮೇಲೆ ಎಸೆಯಬೇಕು. ತಂಡಗಳಿಗೆ ಬೀದಿಯ ಹೆಸರು, ಕಾಲೋನಿಯ ಹೆಸರು. ಆಡುವವರಲ್ಲಿ ಯಾರ ಮನೆಮಾತು ಯಾವುದೆಂದು ಕೇಳುವವರು ಯಾರೂ ಇಲ್ಲ.

ನಮ್ಮ ಊರುಗಳಲ್ಲೂ ಚಿತ್ರ ಇದೇ. ಕೊಯ್ಲು ಮುಗಿದ ಗದ್ದೆ, ಶಾಲೆಯ ಅಂಗಳ, ಕೆರೆಯ ಪಕ್ಕದ ಬಯಲು. ಹತ್ತು ಮಂದಿಗೆ ಒಂದೇ ಬ್ಯಾಟು, ತೆಂಗಿನ ನಾರಿನ ಚಾಪೆ ಹಾಸಿದರೆ ಪಿಚ್ಚು, ಇಲ್ಲದಿದ್ದರೆ ಬರೀ ಮಣ್ಣು. ಹೆಸರು ಮಾತ್ರ ದೊಡ್ಡದು: ಊರಿನ ಹೆಸರಿನ ಜೊತೆಗೆ 'ಕ್ರಿಕೆಟ್ ಕ್ಲಬ್' ಎಂದು ಸೇರಿಸಿದರಾಯಿತು. ಚೆನ್ನೈಯ ಕನ್ನಡ ಸಂಘಗಳ ಸದಸ್ಯರಲ್ಲಿ ಇಂಥ ಒಂದು ತಂಡದಲ್ಲಿ ಆಡಿಯೋ, ಕನಿಷ್ಠ ಪಕ್ಷ ಸ್ಕೋರು ಬರೆದೋ ಬಂದವರು ಅನೇಕರಿದ್ದಾರೆ.

ಇಲ್ಲಿ ನೆಲೆಸಿದ ಮೇಲೆ ಅಂಥವರೆಲ್ಲ ಒಮ್ಮೆಯಾದರೂ ಎದುರಿಸಿರುವ ಪ್ರಶ್ನೆ ಒಂದಿದೆ. "ಕರ್ನಾಟಕಕ್ಕೂ ತಮಿಳುನಾಡಿಗೂ ಪಂದ್ಯವಾದರೆ ನೀವು ಯಾವ ಕಡೆ?" ಕೇಳುವವರು ಸಾಮಾನ್ಯವಾಗಿ ತಮಾಷೆಗೇ ಕೇಳುತ್ತಾರೆ. ಆದರೆ ಎಲ್ಲ ವರ್ಷಗಳಲ್ಲೂ ಅದು ತಮಾಷೆಯಾಗಿ ಉಳಿದಿಲ್ಲ. 1991ರ ಡಿಸೆಂಬರ್‌ನಲ್ಲಿ, ಮತ್ತೆ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿವಾದ ಬೀದಿಗೆ ಬಂದಾಗ ಎರಡೂ ರಾಜ್ಯಗಳಲ್ಲಿ ನೆಲೆಸಿದ್ದ ಹೊರನಾಡಿಗರು ಭಯದಲ್ಲಿ ದಿನ ಕಳೆದಿದ್ದಾರೆ. ಆಗ ಇದೇ ಪ್ರಶ್ನೆಗೆ ಬೇರೆಯೇ ಅರ್ಥ. ಇದಕ್ಕೆ ಕ್ರಿಕೆಟ್ ಮೈದಾನದ ಚರಿತ್ರೆಯಲ್ಲೇ ಒಂದು ಒಳ್ಳೆಯ ಉತ್ತರವಿದೆ ಎಂಬುದು ಹಲವರಿಗೆ ತಿಳಿಯದು.

ಕ್ಲಬ್ಬು ಹುಟ್ಟಿದ ಬಗೆ

ಮದರಾಸಿನಲ್ಲಿ ಕ್ರಿಕೆಟ್ ಕ್ಲಬ್ಬಿಗೆ ಅಡಿಪಾಯ ಹಾಕಿದವರು ಆಂಗ್ಲರು. 1846ರಲ್ಲಿ ಮದ್ರಾಸ್ ಕ್ರಿಕೆಟ್ ಕ್ಲಬ್ ಹುಟ್ಟಿತು. 1865ರ ಸುಮಾರಿಗೆ ಅದು ಚೆಪಾಕಿನಲ್ಲಿ ನೆಲೆಯೂರಿತು. ಅಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಆಟ ಚೆನ್ನಾಗಿ ಬರುತ್ತಿದ್ದವರೂ ಹೊರಗೆ ನಿಂತು ನೋಡಬೇಕಾಗಿತ್ತು.

ಇದನ್ನು ಸಹಿಸದ ಬುಚ್ಚಿ ಬಾಬು ನಾಯ್ಡು 1888ರಲ್ಲಿ ಮದ್ರಾಸ್ ಯುನೈಟೆಡ್ ಕ್ಲಬ್ ಕಟ್ಟಿದರು. ಭಾರತೀಯರು ತಾವೇ ನಡೆಸುವ, ತಾವೇ ಆಡುವ ಕ್ಲಬ್ ಅದು. ಆಟದ ಸಾಮಗ್ರಿ ಕೊಳ್ಳಲಾಗದ ಹುಡುಗರಿಗೆ ಅವರು ಕೈಯಿಂದ ಹಣ ಹಾಕಿದರು. ಆಂಗ್ಲರಿಗೂ ಭಾರತೀಯರಿಗೂ ಪಂದ್ಯ ನಡೆಯಬೇಕೆಂಬುದು ಅವರ ಆಸೆಯಾಗಿತ್ತು. 1908ರಲ್ಲಿ ಅವರು ತೀರಿಕೊಂಡರು. ಆದರೆ ಅವರ ಆಸೆ ಕೈಗೂಡಿತು. ಪೊಂಗಲ್ ಹೊತ್ತಿಗೆ ನಡೆಯುತ್ತಿದ್ದ ಪ್ರೆಸಿಡೆನ್ಸಿ ಪಂದ್ಯಗಳು 1952ರವರೆಗೂ ಮದರಾಸಿನ ದೊಡ್ಡ ಹಬ್ಬವಾಗಿದ್ದವು. ಅವರ ಹೆಸರಿನ ಟೂರ್ನಿಯನ್ನು ಇಂದಿಗೂ ಕ್ರಿಕೆಟ್ ಬಲ್ಲವರೆಲ್ಲ ಬಲ್ಲರು.

ಹೊರಗಿಟ್ಟವರ ಮೇಲೆ ಮುನಿಸಿಕೊಂಡು ಕೂರದೆ ತಮ್ಮದೇ ಒಂದು ಕ್ಲಬ್ ಕಟ್ಟಿಕೊಂಡು, ಅದೇ ಜನರನ್ನು ಆಟಕ್ಕೆ ಕರೆಯುವುದು: ಈ ಮಾದರಿಯನ್ನು ಹಾಕಿಕೊಟ್ಟವರು ಬುಚ್ಚಿ ಬಾಬು. ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡವರಿಗೆ ಇದರಲ್ಲಿ ತಮ್ಮದೇ ಕಥೆ ಕಂಡರೆ ಆಶ್ಚರ್ಯವಿಲ್ಲ.

ಒಂದೇ ದಿನದಲ್ಲಿ ಮುಗಿದ ಪಂದ್ಯ

ರಣಜಿ ಟ್ರೋಫಿಯ ಚರಿತ್ರೆಯಲ್ಲಿ ಮೊಟ್ಟಮೊದಲ ಪಂದ್ಯ ಯಾರ ಯಾರ ನಡುವೆ ನಡೆಯಿತು ಎಂದು ಕೇಳಿದರೆ ಉತ್ತರ: ಮದ್ರಾಸ್ ಮತ್ತು ಮೈಸೂರು. ಸ್ಥಳ ಚೆಪಾಕ್. ದಿನಾಂಕ 1934ರ ನವೆಂಬರ್ 4. ಮದರಾಸಿನ ಎಂ.ಜೆ. ಗೋಪಾಲನ್ ಮೊದಲ ಚೆಂಡೆಸೆದರು, ಮೈಸೂರಿನ ಎನ್. ಕರ್ಟಿಸ್ ಅದನ್ನು ಎದುರಿಸಿದರು.

ಫಲಿತಾಂಶ ಮೈಸೂರಿನ ಅಭಿಮಾನಿಗಳು ನೆನೆಯುವಂಥದ್ದಲ್ಲ. ಮೈಸೂರು ಮೊದಲ ಸರದಿಯಲ್ಲಿ 48ಕ್ಕೆ ಆಲೌಟ್. ಮದ್ರಾಸ್ ಗಳಿಸಿದ್ದು 130. ಎರಡನೆಯ ಸರದಿಯಲ್ಲಿ ಮೈಸೂರು 59. ಇನಿಂಗ್ಸ್ ಮತ್ತು 23 ರನ್‌ಗಳ ಸೋಲು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮದರಾಸಿನ ಎ.ಜಿ. ರಾಮ್ ಸಿಂಗ್ ಎರಡೂ ಸರದಿಗಳಲ್ಲಿ ಸೇರಿ ಕೇವಲ 35 ರನ್ ಕೊಟ್ಟು 11 ವಿಕೆಟ್ ಕಿತ್ತರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮದರಾಸನ್ನು ಗೆಲ್ಲಿಸಿದ ರಾಮ್ ಸಿಂಗ್ ಅವರ ಮನೆತನ ಅಮೃತಸರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಸಿಖ್ಖರದು. ಅವರ ಮಕ್ಕಳಾದ ಕೃಪಾಲ್ ಸಿಂಗ್, ಮಿಲ್ಖಾ ಸಿಂಗ್ ಇಬ್ಬರೂ ಮುಂದೆ ಭಾರತಕ್ಕೆ ಟೆಸ್ಟ್ ಆಡಿದರು. ಮದರಾಸಿನ ರಣಜಿ ಚರಿತ್ರೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವುದು ಹೊರಗಿನಿಂದ ಬಂದು ಒಳಗಿನವರಾದವರ ಹೆಸರು.

ಎರಡನೆಯದು, ಆ ದಿನ 'ಮೈಸೂರು' ಎಂದರೆ ಕನ್ನಡಿಗರೆಲ್ಲರ ತಂಡವಲ್ಲ. ಅದು ಒಡೆಯರ ಸಂಸ್ಥಾನದ ತಂಡ. ಅದರಲ್ಲಿ ಇಂಗ್ಲಿಷರೂ ಇದ್ದರು. ಆಗ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ ಎಲ್ಲವೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಧಾರವಾಡ, ಗದಗ ಮುಂಬೈ ಪ್ರಾಂತ್ಯದಲ್ಲಿ. ರಾಯಚೂರು, ಕಲಬುರಗಿ ಹೈದರಾಬಾದಿನಲ್ಲಿ. ಅಂದರೆ ಮಂಗಳೂರಿನವರಿಗೆ 'ನೀವು ಯಾವ ಕಡೆ' ಎಂದು 1934ರಲ್ಲಿ ಕೇಳಿದ್ದರೆ, ಅವರು 'ಮದ್ರಾಸ್' ಎಂದು ಹೇಳಿದ್ದರೂ ಅದರಲ್ಲಿ ತಪ್ಪಿರಲಿಲ್ಲ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ. ಕಾಸರಗೋಡು ಕೇರಳಕ್ಕೆ ಹೋಯಿತು. ಗೆರೆ ಎಳೆದದ್ದು ತಡವಾಗಿ. ಆಟ ಅದಕ್ಕಿಂತ ಹಳೆಯದು.

ಆ ಮೊದಲ ಪಂದ್ಯದಲ್ಲಿ ಮೈಸೂರಿನ ಪರ ಆಡಿದ ಎಂ.ಜಿ. ವಿಜಯಸಾರಥಿ ಮುಂದೆ ಟೆಸ್ಟ್ ಅಂಪೈರ್ ಆದರು. ಅವರ ಮಗ ಎಂ.ವಿ. ನಾಗೇಂದ್ರ ಕೂಡ ಟೆಸ್ಟ್ ಅಂಪೈರ್. ತಂದೆ ಮಗ ಜೊತೆಯಾಗಿ ರಣಜಿ ಪಂದ್ಯವೊಂದಕ್ಕೆ ಅಂಪೈರುಗಳಾಗಿ ನಿಂತದ್ದೂ ಉಂಟು. ಸೋತ ತಂಡದ ಆಟಗಾರನಿಗೆ ಎರಡೂ ಕಡೆಯವರು ತೀರ್ಪು ಒಪ್ಪಿಸಿದರು ಎಂಬುದು ಆ ಕಾಲದ ದೊಡ್ಡತನ.

ಮೂಲ್ಕಿಯಲ್ಲಿ ಹುಟ್ಟಿದವರು

ಸಣ್ಣ ಊರಿನವರನ್ನು ಮದರಾಸು ಹೇಗೆ ಕಂಡಿತು ಎಂಬುದಕ್ಕೆ ಬುಧಿ ಕುಂದರನ್ ಮೊದಲ ಉದಾಹರಣೆ. ಅವರು ಹುಟ್ಟಿದ್ದು 1939ರಲ್ಲಿ ಮೂಲ್ಕಿಯಲ್ಲಿ. ಅಂದರೆ ಆಗಿನ ಮದ್ರಾಸ್ ಪ್ರಾಂತ್ಯದಲ್ಲೇ. ಕರಾವಳಿಯ ಎಷ್ಟೋ ಕುಟುಂಬಗಳಂತೆ ಅವರದೂ ಮುಂಬೈ ದಾರಿ ಹಿಡಿಯಿತು. 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ತಂಡಕ್ಕೆ ಸೇರುವಾಗ ಅವರು ರಣಜಿ ಟ್ರೋಫಿಯಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಎರಡನೆಯ ಟೆಸ್ಟ್ ಆಡಿದ್ದು ಮದರಾಸಿನಲ್ಲಿ. ಭಾರತ 149ಕ್ಕೆ ಕುಸಿದ ಸರದಿಯಲ್ಲಿ ಅವರದೇ 71.

ನಾಲ್ಕು ವರ್ಷಗಳ ನಂತರ, 1964ರ ಜನವರಿಯಲ್ಲಿ, ಇಂಗ್ಲೆಂಡ್ ತಂಡ ಮದರಾಸಿಗೆ ಬಂತು. ಆಗ ಟೆಸ್ಟ್ ನಡೆಯುತ್ತಿದ್ದುದು ಚೆಪಾಕಿನಲ್ಲಲ್ಲ, ಕಾರ್ಪೊರೇಷನ್ ಸ್ಟೇಡಿಯಂನಲ್ಲಿ. ಕುಂದರನ್ ಮೊದಲ ದಿನವೇ 170 ರನ್ ಹೊಡೆದು ಅಜೇಯರಾಗಿ ಮರಳಿದರು. ಒಟ್ಟು 192. ಆ ಸರಣಿಯಲ್ಲಿ ಅವರ ಗಳಿಕೆ 525 ರನ್. ವಿಕೆಟ್ ಕೀಪರೊಬ್ಬರಿಗೆ ಅದು ದೊಡ್ಡ ಮೊತ್ತ. ರಣಜಿಯಲ್ಲಿ ರೈಲ್ವೇಸ್ ಮತ್ತು ಮೈಸೂರು ಪರ ಆಡಿದ ಅವರು ಆಮೇಲೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಆ ದೇಶದ ಪರವಾಗಿಯೂ ಆಡಿ, 2006ರಲ್ಲಿ ಅಲ್ಲೇ ತೀರಿಕೊಂಡರು. ಮೂಲ್ಕಿ, ಮುಂಬೈ, ಮೈಸೂರು, ಸ್ಕಾಟ್ಲೆಂಡ್: ಇವುಗಳಲ್ಲಿ ಅವರ ಕಡೆ ಯಾವುದು ಎಂದು ಹೇಳುವುದು ಹೇಗೆ? ಅವರ ಅತ್ಯಂತ ದೊಡ್ಡ ಸರದಿಗೆ ಸಾಕ್ಷಿಯಾದದ್ದು ಮಾತ್ರ ಮದರಾಸು.

ಭದ್ರಾವತಿಯ ಕಲೆಗಾರ

ಭದ್ರಾವತಿ ಎಂದರೆ ಕಬ್ಬಿಣದ ಕಾರ್ಖಾನೆ ಎಂದಷ್ಟೇ ತಿಳಿದಿದ್ದವರಿಗೆ ಆ ಊರಿನ ಇನ್ನೊಂದು ಗುರುತು ಕೊಟ್ಟವರು ಜಿ.ಆರ್. ವಿಶ್ವನಾಥ್. 1949ರಲ್ಲಿ ಅಲ್ಲಿ ಹುಟ್ಟಿದ ಅವರು 1967ರಲ್ಲಿ ಮೈಸೂರಿನ ಪರ ಆಡಿದ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ರನ್ ಬಾರಿಸಿದರು. 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ಆದರೆ ಚೆನ್ನೈಯ ಹಳಬರು ವಿಶ್ವನಾಥ್ ಹೆಸರೆತ್ತಿದರೆ ಹೇಳುವುದು ಶತಕದ ಮಾತಲ್ಲ, 97ರ ಮಾತು. 1975ರ ಜನವರಿ, ಪೊಂಗಲ್ ಟೆಸ್ಟ್. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಉರುಳಿಸಿದರು. ಭಾರತದ ಒಟ್ಟು ಮೊತ್ತ 190. ಅದರಲ್ಲಿ ವಿಶ್ವನಾಥ್ ಅವರದು ಅಜೇಯ 97. ಇನ್ನೊಂದು ತುದಿಯಲ್ಲಿ ಜೊತೆ ಕೊಡುವವರು ಮುಗಿದುಹೋಗಿ ಮೂರು ರನ್ ಬಾಕಿ ಉಳಿಯಿತು. ಭಾರತ ಪಂದ್ಯವನ್ನು 100 ರನ್‌ಗಳಿಂದ ಗೆದ್ದಿತು. ಸಿಗದ ಆ ಮೂರು ರನ್ನಿಗಾಗಿ ಚೆಪಾಕ್ ಇಂದಿಗೂ ಆ ಸರದಿಯನ್ನು ನೆನೆಯುತ್ತದೆ. 1982ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಇದೇ ಅಂಗಳದಲ್ಲಿ 222 ಹೊಡೆದರು. ಆದರೂ ಹಳಬರ ಬಾಯಲ್ಲಿ ಮೊದಲು ಬರುವುದು 97.

ಈ ನಡುವೆ ಇನ್ನೊಂದು ಸಂಗತಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೊಸ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ, ಇ.ಎ.ಎಸ್. ಪ್ರಸನ್ನ ನಾಯಕತ್ವದಲ್ಲಿ, ತಂಡ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದಿತು. ಮೊದಲ ಪಂದ್ಯದ 48 ಮತ್ತು 59ರಿಂದ ಅಲ್ಲಿಗೆ ತಲುಪಲು ನಾಲ್ಕು ದಶಕ ಹಿಡಿಯಿತು.

ಗದಗದಿಂದ ಬೆಳಗಿನ ಪ್ರಯಾಣ

ಸುನಿಲ್ ಜೋಶಿ ಗದಗದವರು. ಹುಡುಗನಾಗಿದ್ದಾಗ ಅಭ್ಯಾಸಕ್ಕಾಗಿ ಬೆಳಗಿನ ಹೊತ್ತು ಹುಬ್ಬಳ್ಳಿಗೆ ಹೋಗಿ, ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರು. 1995-96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್ ಗಳಿಸಿ 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಆ ವರ್ಷದ ಫೈನಲ್ ನಡೆದದ್ದು ಚೆಪಾಕಿನಲ್ಲಿ, ಎದುರಾಳಿ ತಮಿಳುನಾಡು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಟ್ರೋಫಿ ಗೆದ್ದಿತು. 1934ರ ಲೆಕ್ಕ ಅದೇ ಅಂಗಳದಲ್ಲಿ ಚುಕ್ತಾ ಆಯಿತು ಎನ್ನಬಹುದು.

ಮೂರು ವರ್ಷಗಳ ನಂತರ, 1999ರ ಜನವರಿ ಕೊನೆಯಲ್ಲಿ, ಭಾರತ-ಪಾಕಿಸ್ತಾನ ಟೆಸ್ಟ್. ಆ ದಿನ ಭಾರತದ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರು: ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ. ಚೆನ್ನೈಯ ಸದಗೋಪನ್ ರಮೇಶ್ ಅವರಿಗೆ ಅದು ಮೊದಲ ಟೆಸ್ಟ್. ಕುಂಬ್ಳೆ ಮೊದಲ ಸರದಿಯಲ್ಲಿ 70ಕ್ಕೆ 6, ಪ್ರಸಾದ್ ಎರಡನೆಯದರಲ್ಲಿ 33ಕ್ಕೆ 6. ಗೆಲ್ಲಲು 271 ಬೇಕಿತ್ತು. ಸಚಿನ್ ತೆಂಡೂಲ್ಕರ್ 136 ಹೊಡೆದು ಔಟಾದಾಗ ಬೇಕಿದ್ದುದು ಕೇವಲ 17. ಆದರೆ ಕುಂಬ್ಳೆ, ಜೋಶಿ, ಶ್ರೀನಾಥ್ ಒಬ್ಬರ ಹಿಂದೆ ಒಬ್ಬರು ಔಟಾದರು. ಭಾರತ 12 ರನ್‌ಗಳಿಂದ ಸೋತಿತು.

ಮುಂದೆ ನಡೆದದ್ದು ಜಗತ್ತಿಗೇ ತಿಳಿದಿದೆ. ಚೆಪಾಕಿನ ಪ್ರೇಕ್ಷಕರು ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಅತಿಥಿ ತಂಡ ಮೈದಾನಕ್ಕೆ ಸುತ್ತು ಬಂದು ಆ ಗೌರವ ಸ್ವೀಕರಿಸಿತು. ಯಾವ ಕಡೆ ಎಂದು ಕೇಳುವವರಿಗೆ ಅಂದು ಆ ಜನ ಒಂದು ಉತ್ತರ ಕೊಟ್ಟರು: ಚೆನ್ನಾಗಿ ಆಡಿದವರ ಕಡೆ.

2016ರ ಡಿಸೆಂಬರ್

ಈ ಉತ್ತರಕ್ಕೆ ನಿಜವಾದ ಪರೀಕ್ಷೆ ಚೆನ್ನೈ ಕನ್ನಡಿಗರ ಪಾಲಿಗೆ ಬಂದದ್ದು 2016ರಲ್ಲಿ. ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ವಿಚಾರಕ್ಕೆ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು. ಗಡಿಯಲ್ಲಿ ವಾಹನ ಸಂಚಾರ ನಿಂತಿತು. ಡಿಸೆಂಬರ್ 5ರಂದು ಮುಖ್ಯಮಂತ್ರಿ ಜಯಲಲಿತಾ ನಿಧನರಾದರು. ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡನ್ನು ಆಳಿದವರು ಅವರು. ಡಿಸೆಂಬರ್ 12ರಂದು ವರ್ದಾ ಚಂಡಮಾರುತ ನಗರದ ಮರಗಳನ್ನು ಬುಡಮೇಲು ಮಾಡಿತು. ಅದಾಗಿ ನಾಲ್ಕೇ ದಿನಕ್ಕೆ, ಡಿಸೆಂಬರ್ 16ರಂದು, ಚೆಪಾಕಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಆರಂಭವಾಯಿತು.

ಇಂಗ್ಲೆಂಡ್ 477 ಗಳಿಸಿತು. ಭಾರತದ ಪರ ಕರ್ನಾಟಕದ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಆಮೇಲೆ ಕರ್ನಾಟಕದವರೇ ಆದ ಕರುಣ್ ನಾಯರ್ ನಿಂತರು. ಅದು ಅವರ ಮೂರನೆಯ ಟೆಸ್ಟ್. ಅದೇ ವರ್ಷ ಜುಲೈನಲ್ಲಿ ಕೇರಳದ ಪಂಪಾ ನದಿಯಲ್ಲಿ ದೋಣಿ ಮಗುಚಿ ಅವರು ಜೀವ ಉಳಿಸಿಕೊಂಡಿದ್ದರು. ಡಿಸೆಂಬರ್ 19ರಂದು ಅವರ ಮೊತ್ತ ಅಜೇಯ 303. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಅವರಿಗೆ ಮೊದಲು ಇಡೀ ಜಗತ್ತಿನಲ್ಲಿ ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಭಾರತ 7 ವಿಕೆಟ್‌ಗೆ 759, ಗೆಲುವು ಇನಿಂಗ್ಸ್ ಮತ್ತು 75 ರನ್‌ಗಳಿಂದ.

ಮೂರು ತಿಂಗಳ ಹಿಂದೆ ಎರಡು ರಾಜ್ಯಗಳ ನಡುವೆ ಬಸ್ಸು ಓಡುತ್ತಿರಲಿಲ್ಲ. ಅದೇ ನಗರ ಕರ್ನಾಟಕದ ಆಟಗಾರನೊಬ್ಬನ ಒಂದೊಂದು ರನ್ನಿಗೂ ಚಪ್ಪಾಳೆ ತಟ್ಟಿತು. ಕರುಣ್ ಹುಟ್ಟಿದ್ದು ಜೋಧಪುರದಲ್ಲಿ, ಮನೆತನ ಮಲಯಾಳಿ, ಬೆಳೆದದ್ದು ಬೆಂಗಳೂರಿನಲ್ಲಿ, ತ್ರಿಶತಕ ಚೆನ್ನೈಯಲ್ಲಿ. ರಾಮ್ ಸಿಂಗ್ ಅವರಂತೆಯೇ, ಬಂದು ಸೇರಿ ನಮ್ಮವರಾದವರು.

ಇದರರ್ಥ ಪೈಪೋಟಿ ಬೇಡವೆಂದಲ್ಲ. 2014-15ರ ರಣಜಿ ಫೈನಲ್‌ನಲ್ಲಿ ಇದೇ ಕರುಣ್ ತಮಿಳುನಾಡಿನ ವಿರುದ್ಧ 328 ಹೊಡೆದಿದ್ದರು. ದಾವಣಗೆರೆಯಿಂದ ಬಂದ ಆರ್. ವಿನಯ್ ಕುಮಾರ್ ಅದರಲ್ಲಿ ಶತಕ ಬಾರಿಸಿ, ಒಂದು ಸರದಿಯಲ್ಲಿ 5 ವಿಕೆಟ್ ಪಡೆದು ನಾಯಕನಾಗಿ ಟ್ರೋಫಿ ಎತ್ತಿದ್ದರು. ಐಪಿಎಲ್ ಬಂದ ಮೇಲಂತೂ ಒಂದೇ ಮನೆಯಲ್ಲಿ ಅಪ್ಪನಿಗೆ ಕೆಂಪು ಅಂಗಿ, ಮಗನಿಗೆ ಹಳದಿ ಅಂಗಿ. 2008ರಲ್ಲಿ ಚೆಪಾಕಿನಲ್ಲಿ ಗೆದ್ದಿದ್ದ ಬೆಂಗಳೂರು ತಂಡ ಅಲ್ಲಿ ಮತ್ತೆ ಗೆಲ್ಲಲು 2025ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಹದಿನೇಳು ವರ್ಷ ಅಪ್ಪಂದಿರು ಮನೆಯಲ್ಲಿ ಕೇಳಿದ ಮಾತು ಅವರಿಗೇ ಗೊತ್ತು. ಆದರೆ ಪಂದ್ಯ ಮುಗಿದ ಮೇಲೆ ಊಟ ಒಂದೇ ಮೇಜಿನಲ್ಲಿ.

ಬರೆದಿಡುವ ಕೆಲಸ

ಟಿ. ನಗರದ ಪಕ್ಕದ, ರೈಲು ಹಳಿಯ ಆಚೆಗಿನ ಪಶ್ಚಿಮ ಮಾಂಬಲದ ಬೀದಿಗಳಲ್ಲಿ ಟೆನಿಸ್ ಚೆಂಡಿನ ಆಟ ಆಡಿ ಬೆಳೆದವರು ಆರ್. ಅಶ್ವಿನ್. 537 ಟೆಸ್ಟ್ ವಿಕೆಟ್ ಪಡೆದು ಅವರು 2024ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟಿಗೆ ವಿದಾಯ ಹೇಳಿದರು. ಭಾರತದಲ್ಲಿ ಅವರಿಗಿಂತ ಮುಂದಿರುವವರು ಒಬ್ಬರೇ, 619 ವಿಕೆಟ್‌ಗಳ ಅನಿಲ್ ಕುಂಬ್ಳೆ. ಪಟ್ಟಿಯ ಮೊದಲೆರಡು ಸಾಲುಗಳಲ್ಲಿ ಬೆಂಗಳೂರು ಮತ್ತು ಮಾಂಬಲ ಒಂದರ ಕೆಳಗೊಂದು ನಿಂತಿವೆ. ಅಶ್ವಿನ್ ತಮ್ಮ ಬೀದಿಯ ಆಟದ ನೆನಪುಗಳನ್ನು 2024ರಲ್ಲಿ ಪುಸ್ತಕವಾಗಿಯೂ ತಂದರು. ಆ ಬೀದಿಯ ತಂಡಕ್ಕೆ ಹೀಗೆ ಒಂದು ಚರಿತ್ರೆ ದೊರಕಿತು.

ನಮ್ಮ ಊರಿನ ಕ್ಲಬ್ಬುಗಳಿಗೆ ಆ ಭಾಗ್ಯವಿಲ್ಲ. 1934ರ ಪಂದ್ಯದ ಒಂದೊಂದು ಅಂಕಿಯೂ ಇಂದು ಸಿಗುತ್ತದೆ, ಏಕೆಂದರೆ ಯಾರೋ ಕುಳಿತು ಸ್ಕೋರು ಬರೆದಿದ್ದರು. ಊರಿನ ತಂಡದ ಸ್ಕೋರು ಪುಸ್ತಕ ಮಾತ್ರ ಅಟ್ಟದ ಮೇಲೆ ಗೆದ್ದಲು ಹಿಡಿದಿರುತ್ತದೆ. ತಂಡ ಕಟ್ಟಿದ ವರ್ಷ, ಮೊದಲ ಚಾಪೆಗೆ ಹಣ ಕೊಟ್ಟವರು, ಪಕ್ಕದ ಊರನ್ನು ಸೋಲಿಸಿದ ದಿನ, ಅಂಪೈರ್ ಆಗಿ ನಿಂತ ಮೇಷ್ಟ್ರು: ಇವೆಲ್ಲ ಉಳಿದಿರುವುದು ಆಡಿದವರ ನೆನಪಿನಲ್ಲಿ ಮಾತ್ರ. ಅವರಲ್ಲಿ ಹಲವರು ಇಂದು ಟಿ. ನಗರ, ಮಾಂಬಲ, ಅಯನಾವರಗಳಲ್ಲಿದ್ದಾರೆ. ಅವರ ವಯಸ್ಸು ಏರುತ್ತಿದೆ.

ಸಂಘದ ಸಭೆಗಳಲ್ಲಿ 'ಮಕ್ಕಳಿಗೆ ಕನ್ನಡ ಬರುವುದಿಲ್ಲ' ಎಂಬ ದೂರು ಪ್ರತಿ ರಾಜ್ಯೋತ್ಸವದಲ್ಲೂ ಕೇಳಿಬರುತ್ತದೆ. ಕ್ರಿಕೆಟ್ ಎಂದರೆ ಕಿವಿ ನಿಮಿರಿಸುವ ಮಕ್ಕಳಿಗೆ ಅಜ್ಜನ ಊರಿನ ತಂಡದ ಕಥೆಯನ್ನು ಕನ್ನಡದಲ್ಲೇ ಹೇಳಿ, ಅವರಿಂದಲೇ ಅದನ್ನು ಬರೆಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಹಳೆಯ ತಂಡದ ಚಿತ್ರವೊಂದಿದ್ದರೆ ಹಿಂಬದಿಯಲ್ಲಿ ಹೆಸರುಗಳನ್ನೂ ವರ್ಷವನ್ನೂ ಬರೆದಿಡುವುದು ಇನ್ನೂ ಸುಲಭ. ಇದಕ್ಕೆ ಹಣ ಬೇಡ, ಒಂದು ನೋಟ್‌ಬುಕ್ಕು ಮತ್ತು ಎರಡು ಭಾನುವಾರ ಸಾಕು.

ಮುಂದಿನ ಬಾರಿ ಯಾರಾದರೂ 'ನೀವು ಯಾವ ಕಡೆ' ಎಂದು ಕೇಳಿದರೆ ತಡವರಿಸಬೇಕಾಗಿಲ್ಲ. ರಣಜಿಯ ಮೊದಲ ಚೆಂಡು ಮದರಾಸಿನ ಕೈಯಿಂದ ಹೊರಟು ಮೈಸೂರಿನ ಬ್ಯಾಟಿಗೆ ಬಂತು. ಆಟ ಶುರುವಾಗಬೇಕಾದರೆ ಎರಡು ಕಡೆಯೂ ಬೇಕಾಗಿತ್ತು. ಚೆನ್ನೈ ಕನ್ನಡಿಗರು ಆ ಎರಡೂ ಕಡೆಯವರು.